ಇಪ್ಪತ್ತಾರು ಸಾಲು

ಬಿಚ್ಚಿದ ಉಲ್ಲನ್ ಬಿಚ್ಚಿದ ಮೇಲೂ ನೆಟ್ಟಗಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಊಟದ ಮೇಜಿನ ಮೇಲೆ ರಾಶಿ ಬಿದ್ದಿದ್ದ ಬೂದುನೀಲಿ ಎಳೆ, ಒಂದೊಂದು ಕುಣಿಕೆಯಲ್ಲೂ ತಾನು ಎಲ್ಲೆಲ್ಲಿ ಬಾಗಿತ್ತೋ ಅಲ್ಲಲ್ಲೇ ಬಾಗಿಕೊಂಡು ಬೆಳಿಗ್ಗೆಯೂ ಸುರುಳಿ ಸುರುಳಿಯಾಗಿ ಬಿದ್ದಿತ್ತು. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ, ಸರಳ ರೇಖೆಯಾಯಿತು. ಬಿಟ್ಟ, ಮುದುಡಿಕೊಂಡಿತು. ಮತ್ತೆ ಎಳೆದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ ಅದು ಎಷ್ಟು ಹಿಗ್ಗಿತೆಂದು ಬರೆದುಕೊಳ್ಳುತ್ತಿದ್ದದ್ದು ನೆನಪಿಗೆ ಬಂತು, ಬಂದದ್ದಕ್ಕೇ ನಾಚಿಕೆಯಾಯಿತು. ಹೆಂಡತಿಯ ಕೈಯ ಕೊನೆಯ ಹೆಣಿಗೆ ಹೀಗೆ ಮೇಜಿನ ಮೇಲೆ ಬಿದ್ದಿರುವಾಗ ಸ್ಪ್ರಿಂಗು ನೆನಪಾಗುವ ತಲೆ ಎಂಥ ತಲೆ. ಗಡಿಯಾರ ನೋಡಿದ. ಹತ್ತು ದಾಟಿ ಏಳು ನಿಮಿಷ. ನಾಲ್ಕಕ್ಕೆ ಮಗಳು ಸ್ವೆಟರ್ ನೋಡಲು ಬರುತ್ತಾಳೆ. ಅವಳಿಗೆ ಹೇಳಬೇಕೋ, ಹೇಳದೆ ಹೆಣೆದು ಕೊಟ್ಟುಬಿಡಬೇಕೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕಿತ್ತು.

ನಿವೃತ್ತಿಯವರೆಗೆ ಅವನದು ತಕ್ಕಡಿಗಳನ್ನು ಪರೀಕ್ಷಿಸುವ ಕೆಲಸ. ಅಂಗಡಿಯ ತಕ್ಕಡಿಗಳಲ್ಲ; ಪ್ರಯೋಗಶಾಲೆಗಳಲ್ಲಿ, ಔಷಧ ತಯಾರಿಸುವ ಕಡೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ, ಪಕ್ಕದಲ್ಲಿ ಯಾರಾದರೂ ಉಸಿರು ಬಿಟ್ಟರೂ ಬೆಚ್ಚುವ ತಕ್ಕಡಿಗಳು. ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮಿಲಿಗ್ರಾಂ ಎನ್ನುತ್ತಿದ್ದರು, ಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರೇ. ಅವನಿಗೆ ಬೇಸರವಿರಲಿಲ್ಲ. ಆ ಕೆಲಸದಲ್ಲಿ ಮೊದಲ ದಿನ ಕಲಿಸುವ ನಿಯಮವೊಂದಿತ್ತು: ತಕ್ಕಡಿ ಎಷ್ಟೇ ತಪ್ಪು ತೋರಿಸುತ್ತಿರಲಿ, ತಿರುಪಿಗೆ ಕೈ ಹಚ್ಚುವ ಮುಂಚೆ, ಅದು ಇದ್ದ ಹಾಗೆಯೇ ಎಷ್ಟು ತೋರಿಸುತ್ತಿತ್ತೆಂದು ಬರೆದಿಡಬೇಕು. ಸರಿಪಡಿಸಿದ ಮೇಲೆ ಹಳೆಯ ತಪ್ಪು ಮತ್ತೆ ಸಿಗುವುದಿಲ್ಲ. ಆ ತಪ್ಪಿನಲ್ಲಿ ತೂಗಿಹೋದದ್ದನ್ನೆಲ್ಲ ಲೆಕ್ಕ ಹಾಕಲು ಬೇರೆ ದಾರಿಯಿಲ್ಲ. ಮೂವತ್ತೊಂದು ವರ್ಷದಲ್ಲಿ ಅವನು ಈ ನಿಯಮವನ್ನು ಒಂದು ಸಲವೂ ಮುರಿದಿರಲಿಲ್ಲ. ಕಿರಿಯರಿಗೆ ಹೇಳಿಕೊಡುವಾಗ ಬೆರಳೆತ್ತಿ ಹೇಳುತ್ತಿದ್ದ: ಮುಟ್ಟಬೇಡಿ, ಬರೆಯಿರಿ. ನಿನ್ನೆ ಬರೆದಿರಲಿಲ್ಲ. ಒಂದು ಫೋಟೋ ತೆಗೆಯುವುದೂ ತೋಚಿರಲಿಲ್ಲ.

ಎರಡು ವಾರದ ಹಿಂದೆ ಮಗಳು ಬಟ್ಟೆಯ ಚೀಲವೊಂದನ್ನು ತಂದು ಅವನ ಮಡಿಲಲ್ಲಿಟ್ಟಿದ್ದಳು. "ನಿನಗೆ ಈಗ ಬರುತ್ತಲ್ಲ. ಇದನ್ನು ಮುಗಿಸಿಕೊಡು. ನಂದೇ. ಅಮ್ಮ ನನಗೆ ಅಂತ ಹಾಕಿದ್ದು." ಒಳಗೆ ಹೆಣೆದು ಮುಗಿಸಿದ ಬೆನ್ನಿನ ಭಾಗ, ಎದೆಯವರೆಗೆ ಬಂದು ಕಡ್ಡಿಯ ಮೇಲೇ ನಿಂತುಹೋದ ಮುಂಭಾಗ, ಮತ್ತು ಇನ್ನೂ ಬಿಚ್ಚದ ಎರಡು ಉಂಡೆ. ಮುಂಭಾಗದಲ್ಲಿ ಎರಡು ಜಡೆ ಮೇಲಕ್ಕೆ ಏರುತ್ತಿದ್ದವು. ಪ್ರತಿ ಎಂಟನೆಯ ಸಾಲಿಗೆ ಮೂರು ಕುಣಿಕೆಗಳನ್ನು ಪುಟ್ಟ ಕಡ್ಡಿಯೊಂದರಲ್ಲಿ ಮುಂದಕ್ಕೆ ಹಿಡಿದು, ಪಕ್ಕದ ಮೂರನ್ನು ಮೊದಲು ಹೆಣೆದರೆ ಒಂದರ ಮೇಲೊಂದು ಹಾದು ಜಡೆಯಾಗುತ್ತದೆ. ಅವನ ಕೈಗೆ ಕೊಡುವಾಗ ಮಗಳು ಅವನ ಮುಖ ನೋಡಿರಲಿಲ್ಲ, ಚೀಲದ ಹಿಡಿಕೆಯನ್ನೇ ನೋಡುತ್ತಿದ್ದಳು. ಹನ್ನೊಂದು ತಿಂಗಳು ಇದನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದವಳು ಈಗ ತನಗೆ ಕೊಡುತ್ತಿದ್ದಾಳೆ ಎಂದರೆ ಅದು ಎಂಥ ನಂಬಿಕೆಯೆಂದು ಅವನಿಗೆ ಅರ್ಥವಾಗಿತ್ತು. ಚಿಕ್ಕವಳಿದ್ದಾಗ ಅವಳು ಅಪ್ಪ ಅಮ್ಮನ ಚಿತ್ರ ಬರೆದು ತಂದಿದ್ದಳು. ಅವನು ಸ್ಕೇಲು ಹಿಡಿದು, ಕೈ ಕಾಲಿಗಿಂತ ಉದ್ದವಾಗಿದೆ ನೋಡು ಎಂದಿದ್ದ. ಬೈದಿರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದ. ಅವಳು ಕೈಯನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಕೊನೆಗೆ ಕಾಗದವೇ ಹರಿಯಿತು. ಆಮೇಲೆ ಅವಳು ಚಿತ್ರ ಬರೆದಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ತೋರಿಸಲಿಲ್ಲ.

ಎರಡು ವಾರ ಕೈ ಹಚ್ಚಲು ಧೈರ್ಯ ಬಾರದೆ, ನಿನ್ನೆ ಊಟವಾದ ಮೇಲೆ ಕಿಟಕಿಯ ಬಳಿ ಕೂತು, ಮುಂದುವರಿಸುವ ಮುನ್ನ ಕೆಳಗಿನಿಂದ ಒಮ್ಮೆ ನೋಡೋಣವೆಂದು ಜಡೆಯ ಮೇಲೆ ಬೆರಳಾಡಿಸಿಕೊಂಡು ಬಂದ. ಒಂದು, ಎರಡು, ಮೂರು. ಎಡಗಡೆಯ ಜಡೆಯ ಏಳನೆಯ ತಿರುವಿನಲ್ಲಿ ಬೆರಳು ನಿಂತಿತು. ಅಲ್ಲಿ ಜಡೆ ಉಲ್ಟಾ ತಿರುಗಿತ್ತು. ಮುಂದೆ ಹಿಡಿಯಬೇಕಾದ ಮೂರು ಕುಣಿಕೆಗಳನ್ನು ಹಿಂದೆ ಹಿಡಿದಿದ್ದರಿಂದ ಬಲದ್ದು ಎಡದ ಮೇಲೆ ಹಾಯುವ ಬದಲು ಅಡಿಯಲ್ಲಿ ನುಸುಳಿತ್ತು. ಆ ಕ್ಷಣ ಅವನಿಗಾದದ್ದು ಸಂತೋಷ, ಬೇರೇನೂ ಅಲ್ಲ. ಈಗ ಎಷ್ಟು ತಿರುಗಿಸಿ ನೋಡಿದರೂ ಅದಕ್ಕೆ ಬೇರೆ ಹೆಸರಿಲ್ಲ. ಎಂಟು ತಿಂಗಳ ಹಿಂದೆ ಕಡ್ಡಿ ಹಿಡಿಯಲು ಬಾರದಿದ್ದವನ ಕಣ್ಣಿಗೆ ಈಗ ತಪ್ಪು ಕಾಣುತ್ತಿದೆ. "ಇಲ್ಲಿ ತಪ್ಪಿದ್ದೀಯ ನೋಡು," ಎಂದ, ಗಟ್ಟಿಯಾಗಿಯೇ, ಒಳಗಿನ ಕೋಣೆಯ ಕಡೆ ಮುಖ ಮಾಡಿ. ಹೆಂಡತಿ ತೀರಿಕೊಂಡ ಮೇಲೆ ಆ ದನಿಯಲ್ಲಿ ಅವನು ಮಾತಾಡಿರಲಿಲ್ಲ. ಒಳಗಿನಿಂದ, "ಇನ್ಸ್‌ಪೆಕ್ಟ್ರೇ, ಸ್ವಲ್ಪ ಹೊತ್ತು ನಿಮ್ಮ ತಕ್ಕಡಿ ಕೆಳಗಿಡಿ," ಎಂಬ ಉತ್ತರ ಬರುವಷ್ಟು ಹೊತ್ತು ನಿಜವಾಗಿಯೂ ಕಾದ. ಅವಳ ಮೇಲೆ ತಪ್ಪು ಹೊರಿಸುವಾಗ ಅವಳು ಇದ್ದಳು. ಅದಕ್ಕೇ ಇರಬೇಕು ಅವನು ಅಷ್ಟು ಅವಸರಪಟ್ಟದ್ದು. ಕಡ್ಡಿಯನ್ನು ಎಳೆದು ತೆಗೆದ, ಎಳೆಯ ತುದಿ ಹಿಡಿದ, ಎಳೆದ. ಒಂದೊಂದು ಸಾಲೂ ಚಿಟಿ ಚಿಟಿ ಎಂದು ಸಣ್ಣಗೆ ಸದ್ದು ಮಾಡುತ್ತ ಬಿಚ್ಚಿಕೊಂಡಿತು. ಎಣಿಸುತ್ತಿದ್ದ. ಇಪ್ಪತ್ತಾರು. ಎಲ್ಲ ಸೇರಿ ನಾಲ್ಕು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಆಮೇಲೆ ಕುಣಿಕೆಗಳನ್ನು ಎತ್ತಿಕೊಂಡು ಎಂಟು ಸಾಲು ಹೆಣೆದ. ಜಡೆಯನ್ನು ಸರಿಯಾಗಿ ಹಾಯಿಸಿದ. ದೂರ ಹಿಡಿದು ನೋಡಿದ. ಕೆಳಗಿನದು ಅವಳ ಹೆಣಿಗೆ: ಸಡಿಲ, ಕುಣಿಕೆಗಳಿಗೆ ಉಸಿರಾಡಲು ಜಾಗವಿತ್ತು, ಒಂದು ಸಾಲು ಕೊಂಚ ಉಬ್ಬಿ ಇನ್ನೊಂದು ತಗ್ಗಿ ಮಾತಾಡಿಕೊಂಡು ಹೋದ ಹಾಗಿತ್ತು. ಮೇಲಿನದು ಅವನದು: ಬಿಗಿ, ಸಮ, ಇಟ್ಟಿಗೆ ಕಟ್ಟಿದ ಹಾಗೆ. ನಡುವೆ ಗೆರೆ ಎಳೆದಂತೆ, ಅವಳ ಕೈ ಎಲ್ಲಿ ಮುಗಿಯಿತೆಂದು ಕುರುಡನೂ ತಡವಿ ಹೇಳಬಹುದಿತ್ತು. ಆ ಗೆರೆ ಇಪ್ಪತ್ತಾರು ಸಾಲು ಮೇಲೆ ಇರಬೇಕಾಗಿತ್ತು. ತಾನು ಬಿಚ್ಚಿದ್ದು ಒಂದು ತಪ್ಪನ್ನಲ್ಲ, ಅವಳ ಕೊನೆಯ ಮೂರು ತಿಂಗಳನ್ನು ಎಂದು ಆಗ ಹೊಳೆಯಿತು. ಆಸ್ಪತ್ರೆಯ ಸಾಲುಕುರ್ಚಿಗಳಲ್ಲಿ, ಸರದಿ ಬರುವವರೆಗೆ, ಊದಿದ ಬೆರಳುಗಳಿಂದ ಹೋದ ದಿನಕ್ಕೊಂದು ಸಾಲು, ಕೆಲವು ದಿನ ಅರ್ಧ ಸಾಲು. ಆಗ ಅವನು ಪಕ್ಕದಲ್ಲೇ ಕೂತು ಹಳೆಯ ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದ. ವೈದ್ಯರು ನೋವು ಯಾವಾಗ ಶುರುವಾಯಿತೆಂದು ಕೇಳಿದಾಗ ಅವಳು, "ಒಂದು ತಿಂಗಳಾಯ್ತೇನೋ," ಎಂದಿದ್ದಳು. ಅವನು, "ನಲವತ್ತೊಂದು ದಿನ," ಎಂದು ತಿದ್ದಿದ್ದ. ವೈದ್ಯರು ಬರೆದುಕೊಂಡರು. ಅವಳು ತನ್ನ ಮಡಿಲಿನ ಹೆಣಿಗೆ ನೋಡಿಕೊಂಡಳು.

ತನ್ನ ಎಂಟು ಸಾಲನ್ನೂ ಬಿಚ್ಚಿದ. ಕತ್ತಲಾಗುವ ಮೊದಲು ಅವಳ ಹಾಗೆ ಸಡಿಲವಾಗಿ ಹೆಣೆಯಲು ನೋಡಿದ. ದಪ್ಪ ಕಡ್ಡಿ ಹಿಡಿದು ನೋಡಿದ, ಬೇಕೆಂದೇ ಒಂದು ಕುಣಿಕೆ ಹಿಗ್ಗಿಸಿ ಒಂದನ್ನು ಕುಗ್ಗಿಸಿ ನೋಡಿದ. ಬಂದದ್ದು ಯಾರದೋ ಸಹಿಯನ್ನು ನಿಧಾನವಾಗಿ ನಕಲು ಮಾಡಿದ ಹಾಗಿತ್ತು. ನಕಲಿ ಮುದ್ರೆ ಒತ್ತಿದ ತಕ್ಕಡಿಗಳನ್ನು ಅವನು ನೋಡಿದ್ದ. ಅವು ಯಾವಾಗಲೂ ಅಸಲಿಗಿಂತ ಹೆಚ್ಚು ಅಚ್ಚುಕಟ್ಟಾಗಿರುತ್ತಿದ್ದವು.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಟೈಲರ್ ಅಕ್ಕನಿಗೆ ಫೋನು ಮಾಡಿದ. ಬಟ್ಟೆ ಅಳತೆ ಸರಿಮಾಡಿಕೊಡುವ ಅಂಗಡಿ ಆಕೆಯದು. ಬುಧವಾರದ ದಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಮನೆಯವರನ್ನು ಕಳಕೊಂಡ ಏಳೆಂಟು ಜನರಿಗೆ ಹೆಣಿಗೆ ಹೇಳಿಕೊಡುತ್ತಿದ್ದಳು. ಹೆಂಡತಿ ಹೋದ ಮೇಲೆ ಶುರುವಾದ ಕೈ ನಡುಕಕ್ಕೆ ಮಾತ್ರೆ ಬರೆಯುವ ಬದಲು ಡಾಕ್ಟರು ಅಲ್ಲಿಗೆ ಕಳಿಸಿದಾಗ ಅವನಿಗೆ ಅವಮಾನವಾಗಿತ್ತು. ಏಳು ಹೆಂಗಸರ ನಡುವೆ ಒಬ್ಬನೇ ಗಂಡಸು. ಮೊದಲ ಮಫ್ಲರು ನಲವತ್ತು ಕುಣಿಕೆಯಿಂದ ಶುರುವಾಗಿ ಯಾವ ಮಾಯದಲ್ಲೋ ಐವತ್ತಮೂರಾಗಿತ್ತು. "ಇದು ಮಫ್ಲರೋ ಪೈಜಾಮಾನೋ, ಮೊದಲು ನಿರ್ಧಾರ ಮಾಡಿ," ಎಂದಿದ್ದಳು ಅವರಲ್ಲೊಬ್ಬಳಾದ ನಿವೃತ್ತ ನರ್ಸು, ಎಲ್ಲರೂ ನಕ್ಕಿದ್ದರು. ಎರಡನೆಯದು ಎಷ್ಟು ಬಿಗಿಯೆಂದರೆ ಕಡ್ಡಿಯೇ ಒಳಗೆ ಹೋಗದು. ಅಕ್ಕ ಅವನ ಬೆರಳನ್ನು ಬಿಡಿಸಿ, "ಯಾಕ್ರೀ, ಪಾಪ, ಅದರ ಕತ್ತು ಹಿಸುಕ್ತೀರಾ," ಎಂದಿದ್ದಳು. ಆ ಕೋಣೆಯಲ್ಲಿ ಯಾರೂ ಸತ್ತವರ ಮಾತಾಡುತ್ತಿರಲಿಲ್ಲ. ಕುಣಿಕೆ ಎಣಿಸುತ್ತಿದ್ದರು. ಒಂದು ಬುಧವಾರ, ಐದನೆಯ ತಿಂಗಳಿರಬೇಕು, ಮಫ್ಲರಿನ ಕೊನೆಯ ಸಾಲನ್ನು ಮುಚ್ಚುತ್ತಿದ್ದಾಗ ಅವನಿಗೆ ತನ್ನ ಕೈ ನಡುಗುತ್ತಿಲ್ಲ ಎಂಬುದು ತಿಳಿಯಿತು. ತಿಳಿದ ಕೂಡಲೇ ಅಳು ಬಂತು. ನರ್ಸು ಅವನ ಕಡೆ ನೋಡದೆ ತನ್ನ ಕರವಸ್ತ್ರವನ್ನು ಮೇಜಿನ ಮೇಲೆ ಸರಿಸಿದ್ದಳು. ಹೆಂಡತಿ ಸತ್ತ ದಿನ ಅವನು ಅತ್ತಿರಲಿಲ್ಲ, ಪ್ರಮಾಣಪತ್ರದಲ್ಲಿ ವಯಸ್ಸು ಒಂದು ವರ್ಷ ಹೆಚ್ಚು ಬರೆದಿದ್ದನ್ನು ತಿದ್ದಿಸಲು ಓಡಾಡುತ್ತಿದ್ದ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ಅದೊಂದು ಜಡೆಗೋಸ್ಕರ ಇಡೀ ಸಾಲು ಬಿಚ್ಚಿದ್ರಾ? ಬರೀ ಆ ಆರು ಕುಣಿಕೆ ಕೆಳಗಿಳಿಸಿ, ಸರಿಮಾಡಿ, ಮೇಲೆತ್ತಿದ್ರೆ ಆಗ್ತಿತ್ತು. ಮುಂದಿನ ತಿಂಗಳು ಹೇಳಿಕೊಡೋಣ ಅಂತಿದ್ದೆ."

"ಗೊತ್ತಿರಲಿಲ್ಲ."

"ಗೊತ್ತಿರೋಕೆ ಹೇಗೆ ಸಾಧ್ಯ. ಹೋಗ್ಲಿ, ಉಲ್ಲನ್ ತೊಳೆದು ನೇತುಹಾಕಿ, ಸುಕ್ಕು ಬಿಡುತ್ತೆ. ಆಮೇಲೆ ನಿಮ್ಮ ಕೈಲೇ ಹೆಣೀರಿ."

"ಮಗಳಿಗೆ ಏನು ಹೇಳ್ಲಿ?"

"ಏನೂ ಹೇಳ್ಬೇಡಿ. ಹಾಕ್ಕೊಳ್ಳೋಳಿಗೆ ಬೆಚ್ಚಗಿದ್ರೆ ಆಯ್ತು."

"ಹೇಳ್ದೆ ಇದ್ರೆ ಅದು..."

"ನೋಡಿ," ಎಂದಳು ಅಕ್ಕ. ಹಿಂದೆ ಹೊಲಿಗೆ ಯಂತ್ರ ಒಮ್ಮೆ ಓಡಿ ನಿಂತಿತು. "ಹೇಳಿದ್ರೆ ನಿಮಗೆ ಹಗುರಾಗುತ್ತೆ. ಅವಳಿಗೆ ಭಾರ ಆಗುತ್ತೆ. ಯಾರಿಗೋಸ್ಕರ ಹೇಳ್ತೀರಿ ಅನ್ನೋದನ್ನ ಮೊದಲು ಯೋಚನೆ ಮಾಡಿ."

ಯೋಚಿಸಿದ. ಮೂರು ಗಂಟೆಯವರೆಗೂ ಅದನ್ನೇ ಯೋಚಿಸಿದ. ಅಕ್ಕ ಹೇಳಿದ್ದು ಸರಿ ಎನಿಸಿತು, ಸರಿ ಎನಿಸಿದ್ದು ತನಗೆ ಅನುಕೂಲವಾಗಿದ್ದರಿಂದ ಅನುಮಾನವೂ ಬಂತು. ಬಕೆಟ್ಟಿನಲ್ಲಿ ನೀರು ಹಿಡಿದ, ಉಲ್ಲನ್ನನ್ನು ಎತ್ತಿಕೊಂಡು ಹೋದ, ನೀರಿನ ಮೇಲೆ ಹಿಡಿದುಕೊಂಡು ನಿಂತ. ಅದ್ದಿದರೆ ಬಾಗುಗಳೂ ಹೋಗುತ್ತವೆ. ಅವಳ ಬೆರಳು ಎಲ್ಲಿ ತಿರುವಿತ್ತು ಎನ್ನುವುದಕ್ಕೆ ಈ ಎಳೆಯ ಮೇಲೆ ಇನ್ನೂ ಉಳಿದಿರುವ ಸಾಕ್ಷಿ ಅದೊಂದೇ. ನೀರನ್ನು ಚೆಲ್ಲಿ ಮತ್ತೆ ಮೇಜಿಗೆ ತಂದಿಟ್ಟ. ಉಂಡೆ ಸುತ್ತಲೆಂದು ಕೂತ; ಸುತ್ತಿದರೆ ಎಳೆ ಬಿಗಿಯುತ್ತದೆಂದು ಅದನ್ನೂ ಬಿಟ್ಟ. ಯಾವ ಕಡೆ ಕೈ ಹಾಕಿದರೂ ಏನೋ ಒಂದು ಅಳಿಸಿಹೋಗುತ್ತಿತ್ತು.

ಮಗಳು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ಬಾಗಿಲಲ್ಲಿ ಚಪ್ಪಲಿ ಕಳಚುತ್ತಲೇ, "ಮುಗೀತಾ?" ಎಂದಳು.

"ಇಲ್ಲ."

"ಅಬ್ಬ, ಇನ್ಸ್‌ಪೆಕ್ಟರ್ ಸಾಹೇಬರು ಗಡುವು ತಪ್ಪಿಸಿದ್ದು ಇದೇ ಮೊದಲು. ಎಲ್ಲಾದ್ರೂ ಬರೆದಿಟ್ಕೋಬೇಕು." ಒಳಗೆ ಬಂದವಳು ಮೇಜಿನ ಮುಂದೆ ನಿಂತಳು. ನಗು ಮುಖದ ಮೇಲೆ ಇನ್ನೂ ಉಳಿದಿತ್ತು, ಕಣ್ಣು ಮಾತ್ರ ಎಳೆಯ ರಾಶಿಯ ಮೇಲೆ ನಿಂತಿತ್ತು.

ಹೇಳಬೇಕೆಂದು ಅವನೇನೂ ತೀರ್ಮಾನಿಸಿರಲಿಲ್ಲ. ಬಾಯಿಗೆ ಬಂದದ್ದು ಒಂದು ಸಂಖ್ಯೆ. "ಇಪ್ಪತ್ತಾರು ಸಾಲು ಬಿಚ್ಚಿದೆ," ಎಂದ.

"ಯಾಕೆ?"

"ತಪ್ಪಿತ್ತು. ಎಡಗಡೆ ಜಡೆ ಒಂದು ಕಡೆ ಉಲ್ಟಾ ತಿರುಗಿತ್ತು. ಮುಂದೆ ಹಿಡಿಯೋ ಬದಲು ಹಿಂದೆ..." ಗಾಳಿಯಲ್ಲಿ ಬೆರಳಿನಿಂದ ತೋರಿಸಹೋಗಿ ನಿಲ್ಲಿಸಿದ.

ಮಗಳು ಕುರ್ಚಿ ಎಳೆದು ಕೂತಳು. ಹೆಣಿಗೆಯ ತುಂಡನ್ನು ಕೈಗೆತ್ತಿಕೊಂಡು ಅಂಚಿನಲ್ಲಿ ಬಾಯಿ ತೆರೆದು ನಿಂತಿದ್ದ ಕುಣಿಕೆಗಳನ್ನು ನೋಡಿದಳು. ಅವು ಜಾರದಂತೆ ಅವನು ಬಿಳಿ ದಾರ ಪೋಣಿಸಿಟ್ಟಿದ್ದ. ಅವಳ ಹೆಬ್ಬೆರಳು ಎಡಗಡೆ ಹುಡುಕಿತು, ಜಡೆಯ ಮೇಲೆ ಏರಿತು, ಬಿಳಿ ದಾರದ ಹತ್ತಿರ ಬಂದು ಖಾಲಿಯಲ್ಲಿ ನಿಂತಿತು.

"ಅದನ್ನ ಹಾಕಿದ್ದು ನಾನು," ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಅವತ್ತು ಅಮ್ಮನ ಕೈ ಊದಿತ್ತು, ಡ್ರಿಪ್ ಹಾಕಿದ ಕೈ. ನೀನು ರಿಪೋರ್ಟ್ ತರೋಕೆ ಕೆಳಗೆ ಹೋಗಿದ್ದೆ. ನೀನು ಹಾಕು ಅಂತ ಕೊಟ್ಲು. ನಾಲ್ಕು ಸಾಲು ಹಾಕ್ದೆ. ಅವಳು ಮಲಗಿಕೊಂಡೇ ಹೇಳಿಕೊಡ್ತಿದ್ಲು. ಜಡೆ ಹತ್ರ ಬಂದಾಗ ನಾನು ಉಲ್ಟಾ ಹಿಡಿದೆ. ಮೂರು ಸಾಲು ಆದ್ಮೇಲೆ ಗೊತ್ತಾಯ್ತು. ಬಿಚ್ತೀನಿ ಅಂದೆ. ಬೇಡ ಅಂದ್ಲು." ಹೆಬ್ಬೆರಳು ಇನ್ನೂ ಅಲ್ಲೇ ಇತ್ತು. "ಇರ್ಲಿ ಬಿಡು, ನಿಂದೇ ತಾನೆ ಸ್ವೆಟರು, ನಿನ್ನ ಕೈದೂ ಒಂದಿಷ್ಟು ಇರ್ಲಿ ಅಂದ್ಲು. ಅಪ್ಪನಿಗೆ ಮಾತ್ರ ಹೇಳ್ಬೇಡ ಅಂದ್ಲು. ಇಬ್ರೂ ನಕ್ವಿ. ಪಕ್ಕದ ಬೆಡ್ಡಿನವರು ಏನಾಯ್ತು ಅಂತ ಎದ್ದು ಕೂತ್ರು, ಅಷ್ಟು ನಕ್ವಿ."

ಅವನಿಗೆ ಆ ಮಧ್ಯಾಹ್ನ ನೆನಪಿತ್ತು. ರಿಪೋರ್ಟು ಹಿಡಿದು ಮೆಟ್ಟಿಲು ಹತ್ತಿ ಬಂದಾಗ ವಾರ್ಡಿನ ಬಾಗಿಲಲ್ಲೇ ಅವರ ನಗು ಕೇಳಿಸಿತ್ತು. ಒಳಗೆ ಕಾಲಿಟ್ಟೊಡನೆ ಇಬ್ಬರೂ ಸುಮ್ಮನಾಗಿದ್ದರು. ಕಾಯಿಲೆಯ ಬಗ್ಗೆ ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆಂದು ಅವನು ಎಷ್ಟೋ ದಿನ ಮನಸ್ಸಿನಲ್ಲೇ ಕುದ್ದಿದ್ದ. ಮುಚ್ಚಿಟ್ಟದ್ದು ಇದನ್ನು. ಅವನ ಕಣ್ಣಿನಿಂದ ಕಾಪಾಡಲು ಅವರು ಇಟ್ಟುಕೊಂಡಿದ್ದ ಒಂದೇ ಒಂದು ಪುಟ್ಟ ತಪ್ಪು. ಅದನ್ನು ಹನ್ನೊಂದು ತಿಂಗಳಾದ ಮೇಲೆ ಮಗಳು ತಾನಾಗಿಯೇ ತಂದು ಅವನ ಮಡಿಲಲ್ಲಿಟ್ಟಿದ್ದಳು.

"ಕೊಡುವಾಗ ಯಾಕೆ ಹೇಳ್ಲಿಲ್ಲ?"

"ನೀನು ನೋಡ್ತೀಯ ಅಂತ ಗೊತ್ತಿತ್ತು," ಎಂದಳು ಮಗಳು. "ನೋಡಿ, ಫೋನ್ ಮಾಡ್ತೀಯ, ಅಮ್ಮ ಇಲ್ಲಿ ತಪ್ಪಿದ್ದಾಳೆ ಅಂತೀಯ. ಆಗ ಹೇಳೋಣ ಅಂತಿದ್ದೆ. ಎರಡು ವಾರದಿಂದ ಫೋನ್ ಬಂದಾಗೆಲ್ಲ ಅದಕ್ಕೇ ಅಂದ್ಕೊಂಡು ಎತ್ತುತಿದ್ದೆ." ದನಿ ಏರಲಿಲ್ಲ, ತೆಳ್ಳಗಾಯಿತು. "ಒಂದು ಸಲ, ಒಂದೇ ಒಂದು ಸಲ, ಏನನ್ನಾದ್ರೂ ಅದು ಇದ್ದ ಹಾಗೆ ಬಿಡೋಕಾಗಲ್ವಾ ಅಪ್ಪ ನಿನಗೆ?"

ಕ್ಷಮಿಸು ಎನ್ನಬೇಕಿತ್ತು. ಆ ಶಬ್ದ ಅವನ ಬಾಯಿಗೆ ಅಭ್ಯಾಸವಿರಲಿಲ್ಲ, ಈಗ ಅಂದರೆ ಯಾರದೋ ಹಲ್ಲುಸೆಟ್ಟು ಹಾಕಿಕೊಂಡು ಮಾತಾಡಿದ ಹಾಗಾಗುತ್ತಿತ್ತು. "ಆಗಲ್ಲ," ಎಂದ. "ನನಗೆ ಕಾಣುತ್ತೆ. ಕಂಡಿದ್ದನ್ನ ಕಾಣಲಿಲ್ಲ ಅಂದ್ಕೊಳ್ಳೋದು ಹೇಗೆ ಅಂತ ಗೊತ್ತಿಲ್ಲ. ಕಲೀಬೇಕು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಈ ವಯಸ್ಸಲ್ಲಿ ಬರಲ್ಲ ಅನ್ಸುತ್ತೆ." ಆಮೇಲೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಬುಧವಾರದ ಕೋಣೆಯಲ್ಲೂ ಹೇಳದ್ದನ್ನು, ಮೇಜಿನ ಮೇಲಿನ ಎಳೆಯನ್ನೇ ನೋಡುತ್ತ ಹೇಳಿದ. ಕೊನೆಯ ಸಂಜೆ ಹೆಂಡತಿ ಕಿಟಕಿಯ ಕಡೆ ಕೈ ತೋರಿಸಿ, ನೀರಿನ ಟ್ಯಾಂಕಿನ ಮೇಲೆ ಎಷ್ಟು ದೊಡ್ಡ ನಕ್ಷತ್ರ ನೋಡಿ ಎಂದಿದ್ದಳು. ಅವನು, ಅದು ನಕ್ಷತ್ರ ಅಲ್ಲ, ಗ್ರಹ ಎಂದಿದ್ದ. ಅವಳು, ಸರಿ ಎಂದು ಕಣ್ಣು ಮುಚ್ಚಿಕೊಂಡಿದ್ದಳು. "ಮತ್ತೆ ಮಾತಾಡ್ಲಿಲ್ಲ ಅವಳು. ನನ್ನ ಹತ್ರ ಕೊನೆಗೆ ಆಡಿದ್ದು ಸರಿ ಅನ್ನೋ ಮಾತು."

ಮಗಳು ಅವನನ್ನು ನೋಡಿದಳು. ಮುಖದಲ್ಲಿ ಕರುಣೆಯಿರಲಿಲ್ಲ, ಸಿಟ್ಟೂ ಇಳಿದಿರಲಿಲ್ಲ. ಇಬ್ಬರಿಗೂ ಪರಿಚಯವಿದ್ದವರೊಬ್ಬರ ಹೆಸರು ತುಂಬ ದಿನದ ಮೇಲೆ ಕಿವಿಗೆ ಬಿದ್ದವಳಂತೆ ಇದ್ದಳು.

"ಗ್ರಹಾನೇ ಆಗಿತ್ತಾ?"

"ಹೌದು."

"ಇರ್ಬೇಕು," ಎಂದಳು. "ನೀನು ಹೇಳಿದ್ಮೇಲೆ."

ಕೆನ್ನೆಯನ್ನು ಭುಜಕ್ಕೆ ಒರೆಸಿಕೊಂಡು ಅವಳು ಕಡ್ಡಿಗಳನ್ನು ಹತ್ತಿರ ಎಳೆದುಕೊಂಡಳು. ಬಿಳಿ ದಾರದಿಂದ ಒಂದೊಂದೇ ಕುಣಿಕೆಯನ್ನು ಕಡ್ಡಿಗೆ ದಾಟಿಸತೊಡಗಿದಳು. ಅವಳಿಗೆ ಹೆಣಿಗೆ ಚೆನ್ನಾಗಿ ಬರುತ್ತಿರಲಿಲ್ಲ; ಕಡ್ಡಿ ಹಿಡಿಯುವುದು ಪೆನ್ನು ಹಿಡಿದ ಹಾಗೆ, ಮೊಣಕೈ ಎರಡೂ ರೆಕ್ಕೆಯ ಹಾಗೆ ಹೊರಗೆ. ರಾಶಿಯಿಂದ ಸುಕ್ಕುಸುಕ್ಕಾದ ಎಳೆಯ ತುದಿ ಹುಡುಕಿ ಬೆರಳಿಗೆ ಸುತ್ತಿಕೊಂಡಾಗ ಅವನು, "ಅದನ್ನ ಮೊದಲು ತೊಳೆದು ಒಣಗಿಸ್ಬೇಕಂತೆ," ಎಂದ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಳೆ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವನು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ರಾಶಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಅವಳಿಗೆ ಬೇಕಾದಷ್ಟು ಬೇಕಾದಷ್ಟೇ ಬಿಡಿಸಿ ಕೊಡುತ್ತ ಕೂತ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳ ತುಟಿ ಸಣ್ಣಗೆ ಎಣಿಸುತ್ತಿತ್ತು. ಮೊದಲ ಸಾಲು ಬಿಗಿಯೂ ಅಲ್ಲದ, ಸಡಿಲವೂ ಅಲ್ಲದ, ಯಾರ ಕೈಯದ್ದೂ ಅಲ್ಲದ ಹಾಗೆ ಉಬ್ಬುತ್ತ ತಗ್ಗುತ್ತ ಬಂತು. ಎರಡನೆಯ ಸಾಲಿನ ನಡುವೆ ಒಂದು ಕುಣಿಕೆ ಕಡ್ಡಿಯಿಂದ ಜಾರಿ ಕೆಳಗೆ ಉಳಿಯಿತು. ಅವನು ನೋಡಿದ. ತುಟಿ ಕಚ್ಚಿ ಹಿಡಿದ. ಇನ್ನೂ ಮೂರು ಕುಣಿಕೆ ಮುಂದೆ ಹೋದಳು, ನಾಲ್ಕು ಹೋದಳು.

"ಒಂದು ಬಿಟ್ಟೆ," ಎಂದುಬಿಟ್ಟ.

"ಗೊತ್ತು," ಎಂದಳು ಅವಳು, ತಲೆಯೆತ್ತದೆ, ಮತ್ತು ಇನ್ನಷ್ಟು ಎಳೆಗಾಗಿ ಅವನ ಕಡೆಯಿಂದ ಎಳೆದುಕೊಂಡಳು.